ಗರ್ಭಿಣಿಯನ್ನು ಊರಾಚೆ ಕಳಿಸಿದ 1774ರ ಕಾಗದ: ಇಂಗ್ಲೆಂಡಿನ ಬಡವರ ಕಾನೂನು ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿದ್ದೇನೆ. ವಾರಕ್ಕೊಂದು ದಿನ ಹಳೇ ದಾಖಲೆ ಜೋಡಿಸುವ ಕೆಲಸಕ್ಕೆ ಹೋಗುತ್ತೇನೆ. 1774ರ ಒಂದು ಕಾಗದ ಸಿಕ್ಕಿತು. ಅಚ್ಚಾದ ಫಾರಂ, ಖಾಲಿ ಜಾಗದಲ್ಲಿ ಕೈಬರಹ. ಮದುವೆಯಾಗದ ಗರ್ಭಿಣಿಯೊಬ್ಬಳನ್ನು ಹತ್ತು ಮೈಲಿ ಆಚೆಯ ಹಳ್ಳಿಗೆ ಒಯ್ದು ಬಿಡಿ ಎಂಬ ಆದೇಶ. ಕೆಳಗೆ ಇಬ್ಬರು ಮ್ಯಾಜಿಸ್ಟ್ರೇಟರ ಸಹಿ. ಅವಳು ಮಾಡಿದ ತಪ್ಪೇನು ಅಂತ ಬರೆದಿಲ್ಲ. ಭಿಕ್ಷೆ ಬೇಡಿದ್ದಳಾ? ಎರಡು ದಿನದಿಂದ ತಲೆಯಲ್ಲಿ ಅದೇ ಕೂತಿದೆ.

ಉತ್ತರ: ಮೇಡಂ, ನಾನು ಕಾನೂನಿನ ಇತಿಹಾಸ ಪಾಠ ಮಾಡುವವನು. ಅವಳು ಯಾವ ತಪ್ಪೂ ಮಾಡಿರಬೇಕಿಲ್ಲ. ಭಿಕ್ಷೆ ಬೇಡಿ ಸಿಕ್ಕಿಬಿದ್ದವರಿಗೆ ಬೇರೆ ಕಾನೂನು ಇತ್ತು, ಅದರಲ್ಲಿ ಚಾಟಿ ಏಟು, ಜೈಲು ಎಲ್ಲ ಇತ್ತು. ನಿಮ್ಮ ಕೈಲಿರುವುದು 1662ರ ಸೆಟ್ಲ್‌ಮೆಂಟ್ ಕಾನೂನಿನ, ಅಂದರೆ ಯಾವ ಬಡವರು ಯಾವ ಊರಿಗೆ ಸೇರಿದವರು ಅಂತ ತೀರ್ಮಾನಿಸುವ ಕಾನೂನಿನ ಕಾಗದ.

1601ರಲ್ಲಿ ರಾಣಿ ಎಲಿಜಬೆತ್ ಕಾಲದ ಕಾನೂನು ಒಂದು ವ್ಯವಸ್ಥೆ ಮಾಡಿತು. ಪ್ರತಿ ಚರ್ಚಿನ ವ್ಯಾಪ್ತಿಯ ಊರು, ಅಂದರೆ ಪ್ಯಾರಿಷ್, ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕೆ ಮನೆ, ಜಮೀನು ಇದ್ದವರು ತೆರಿಗೆ ಕೊಡಬೇಕು. ಇದು ದೊಡ್ಡ ಮಾತು. ಆದರೆ ‘ತನ್ನ ಬಡವರು’ ಅಂದರೆ ಯಾರು? ಅಲ್ಲೇ ಎಲ್ಲ ಕಷ್ಟ ಶುರುವಾಯಿತು. ಹೊರಗಿನಿಂದ ಬಂದವರು, ವರ್ಷಕ್ಕೆ 10 ಪೌಂಡ್‌ಗಿಂತ ಕಡಿಮೆ ಬಾಡಿಗೆಯ ಜಾಗದಲ್ಲಿದ್ದರೆ, ಮುಂದೆ ಊರಿನ ಖರ್ಚಿಗೆ ಬೀಳಬಹುದು ಅಂತ ಅನುಮಾನ ಬಂದರೂ ಸಾಕು, ಅವರನ್ನು ಅವರ ಊರಿಗೆ ಕಳಿಸಬಹುದು ಅಂತ 1662ರ ಕಾನೂನು ಹೇಳಿತು.

ಈಗ ಆ ಗರ್ಭಿಣಿಯ ವಿಷಯ. ಮದುವೆಯಿಲ್ಲದೆ ಹುಟ್ಟಿದ ಮಗು ಸಾಮಾನ್ಯವಾಗಿ ಹುಟ್ಟಿದ ಊರಿಗೇ ಸೇರುತ್ತಿತ್ತು. ಹೆರಿಗೆ ಇಲ್ಲೇ ಆದರೆ ಮಗುವಿನ ಖರ್ಚು ಇಲ್ಲಿನ ತೆರಿಗೆದಾರರ ಮೇಲೆ. ಹತ್ತು ಮೈಲಿ ಆಚೆ ಆದರೆ ಅಲ್ಲಿನವರ ಮೇಲೆ. ಅದಕ್ಕೇ ತುಂಬು ಗರ್ಭಿಣಿಯರನ್ನು ಗಾಡಿಯಲ್ಲಿ ಕೂರಿಸಿ ಗಡಿ ದಾಟಿಸುತ್ತಿದ್ದರು. ಇಂಥ ಕಾಗದ ಓದುವಾಗ ನನಗೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಪ್ರಶ್ನೆ (ಇನ್ನೊಬ್ಬರು): ಸರ್, ಬೇರೆ ಊರಲ್ಲಿ ದುಡಿದು ಅಲ್ಲಿಯವರಾಗಲು ದಾರಿಯೇ ಇರಲಿಲ್ವಾ?

ಉತ್ತರ: ಇತ್ತು. ಮದುವೆಯಾಗದ ಆಳು ಒಂದೇ ಕಡೆ ಪೂರ್ತಿ ಒಂದು ವರ್ಷದ ಕರಾರಿಗೆ ದುಡಿದರೆ ಆ ಊರಿನ ಹಕ್ಕು ಸಿಗುತ್ತಿತ್ತು. ಎಷ್ಟೋ ರೈತರು ಏನು ಮಾಡಿದರು ಗೊತ್ತಾ? 51 ವಾರಕ್ಕೆ ಮಾತ್ರ ಕರಾರು ಮಾಡಿದರು. ಒಂದು ವಾರ ಕಡಿಮೆ, ಹಕ್ಕು ಇಲ್ಲ. ಹೆಂಗಸು ಮದುವೆಯಾದರೆ ಗಂಡನ ಊರೇ ಅವಳ ಊರು, ಅದನ್ನು ಅವಳು ಕಣ್ಣಲ್ಲೂ ನೋಡಿರದಿದ್ದರೂ.

ಪ್ರಶ್ನೆ (ಮೊದಲು ಕೇಳಿದವರು): ಅಂದರೆ ಇಡೀ ವ್ಯವಸ್ಥೆಯೇ ಕ್ರೂರ ಅಂತಲಾ?

ಉತ್ತರ: ಹಾಗೆ ಹೇಳಲಾರೆ ಮೇಡಂ. ಆ ಕಾಗದ ಸಿಕ್ಕ ಕಡೆಯೇ ಬಡವರ ಮೇಲ್ವಿಚಾರಕರ, ಅಂದರೆ ಪ್ಯಾರಿಷ್ ಪರವಾಗಿ ಬಡವರಿಗೆ ಸಹಾಯ ಕೊಡುತ್ತಿದ್ದವರ, ಲೆಕ್ಕದ ಪುಸ್ತಕ ಇದ್ದರೆ ತೆರೆದು ನೋಡಿ. ವಿಧವೆಗೆ ವಾರದ ಹಣ, ಮಕ್ಕಳಿಗೆ ಶೂ, ಚಳಿಗೆ ಸೌದೆ, ಸೂಲಗಿತ್ತಿಯ ಕೂಲಿ, ಸತ್ತವರಿಗೆ ಶವಪೆಟ್ಟಿಗೆ. ಊರಿನವರು ಅಂತ ಒಪ್ಪಿಕೊಂಡವರ ಕೈಬಿಡಲು ಪ್ಯಾರಿಷ್‌ಗೆ ಕಾನೂನಿನ ಪ್ರಕಾರ ಆಗುತ್ತಿರಲಿಲ್ಲ. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ. ಹೊರಗಿನವರು ಅಂದಕೂಡಲೇ ಅದೇ ಕೈ ಬಾಗಿಲು ಹಾಕುತ್ತಿತ್ತು. 1795ರಲ್ಲಿ ಸ್ವಲ್ಪ ಸಡಿಲವಾಯಿತು: ನಿಜವಾಗಿ ಸಹಾಯ ಕೇಳುವ ತನಕ ಯಾರನ್ನೂ ಕಳಿಸುವಂತಿಲ್ಲ ಅಂತಾಯಿತು. ಆದರೆ ಮದುವೆಯಾಗದ ಗರ್ಭಿಣಿಯರಿಗೆ ಆ ರಿಯಾಯಿತಿ ಕೊಡಲಿಲ್ಲ. 1834ರ ಹೊಸ ಕಾನೂನಿನ ನಂತರವೇ ಅಂಥ ಮಗುವಿಗೆ ತಾಯಿಯ ಊರು ಸಿಕ್ಕಿದ್ದು.

ಪ್ರಶ್ನೆ (ಮತ್ತೊಬ್ಬರು): ನಮ್ಮಲ್ಲೂ ಬಡವರಿಗೆ ಅಂತ ತೆರಿಗೆ ಇದೆಯಾ ಸರ್?

ಉತ್ತರ: ಇದೆ. ಬೆಂಗಳೂರಿನ ಆಸ್ತಿ ತೆರಿಗೆ ರಸೀದಿ ನೋಡಿ, ಭಿಕ್ಷುಕರ ಕರ ಅಂತ ಇರುತ್ತದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 3. ಇಲ್ಲೂ ಹಣ ಬರುವುದು ಮನೆ, ಕಟ್ಟಡ ಇದ್ದವರಿಂದಲೇ.

ಮೊದಲು ಕೇಳಿದ ಮೇಡಂ, ಒಂದು ಮಾತು. ಅವಳನ್ನು ಕಳಿಸುವ ಮೊದಲು ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡಿರುತ್ತಾರೆ: ಎಲ್ಲಿ ಹುಟ್ಟಿದಳು, ಯಾರ ಮನೆಯಲ್ಲಿ ದುಡಿದಳು, ಎಷ್ಟು ಸಂಬಳ. ಅದು ಉಳಿದಿದ್ದರೆ ಅವಳ ಬದುಕಿನ ಕತೆ ಅಷ್ಟರಮಟ್ಟಿಗೆ ಸಿಗುತ್ತದೆ. ಆಮೇಲೆ ಆ ಇನ್ನೊಂದು ಹಳ್ಳಿಯ ಚರ್ಚಿನ ಪುಸ್ತಕದಲ್ಲಿ 1774, 1775ರ ಮಕ್ಕಳ ದೀಕ್ಷಾಸ್ನಾನದ ಪುಟ ನೋಡಿ. ಮಗು ಉಳಿದಿದ್ದರೆ ಅಲ್ಲಿ ಹೆಸರಿರಬಹುದು. ಸಿಕ್ಕರೆ ದಯವಿಟ್ಟು ಇಲ್ಲಿ ಬರೆಯಿರಿ.