ಹದಿಹರೆಯದ ಮಗಳು ಮತ್ತು ಕುಟುಂಬ ಪ್ರಾರ್ಥನೆ

ಪ್ರಶ್ನೆ: ನಾವು ಉಡುಪಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಗೆ ಸೇರಿದವರು. ದೃಢೀಕರಣದ (ದೀಕ್ಷಾಸ್ನಾನ ಪಡೆದವರು ತಮ್ಮ ನಂಬಿಕೆಯನ್ನು ಸ್ವತಃ ಒಪ್ಪಿಕೊಳ್ಳುವ ವಿಧಿ) ತರಗತಿಗೆ ಹೋಗುತ್ತಿರುವ 15 ವರ್ಷದ ಮಗಳು, ದೇವರು ಒಳ್ಳೆಯವನಾದರೆ ಅಜ್ಜಿ ಅಷ್ಟು ನರಳಿದ್ದೇಕೆ ಎಂದು ಕೇಳುತ್ತಾ, ರಾತ್ರಿಯ ಕುಟುಂಬ ಪ್ರಾರ್ಥನೆಗೆ ಕುಳಿತುಕೊಳ್ಳಲು ಹಿಂಜರಿಯುತ್ತಿದ್ದಾಳೆ. ತಾಯಿಯಾಗಿ ನಾನು ಒತ್ತಾಯಿಸಬೇಕೇ?

ಉತ್ತರ 1: ಸಹೋದರಿ, ಅವಳ ಪ್ರಶ್ನೆಯನ್ನು ಅವಿಶ್ವಾಸವೆಂದು ಭಾವಿಸಬೇಡಿ. 12 ವರ್ಷದ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆಗಳನ್ನು ಕೇಳುತ್ತಿದ್ದನೆಂದು ಲೂಕನ ಸುವಾರ್ತೆಯ 2ನೇ ಅಧ್ಯಾಯ ಹೇಳುತ್ತದೆ. ಬೈಬಲಿನಲ್ಲಿ ಬಹಳ ಕಷ್ಟ ಅನುಭವಿಸಿದ ನೀತಿವಂತ ಯೋಬನೂ ತನ್ನ ಸಂಕಟವನ್ನು ದೇವರ ಮುಂದೆಯೇ ತೋಡಿಕೊಂಡನು. ಅವಳೊಂದಿಗೆ, ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುವ ಬೈಬಲಿನ 13ನೇ ಕೀರ್ತನೆಯನ್ನು ಓದಿ. ಸಿದ್ಧ ಉತ್ತರ ಕೊಡಲು ಅವಸರಪಡಬೇಡಿ.

ಉತ್ತರ 2: ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ಅಪೊಸ್ತಲ ಪೌಲನು ಎಫೆಸ ಪಟ್ಟಣದ ಕ್ರೈಸ್ತರಿಗೆ ಪತ್ರದಲ್ಲಿ ಬರೆದದ್ದು ತಂದೆಗಳನ್ನು ಉದ್ದೇಶಿಸಿ, ಆದ್ದರಿಂದ ಈ ಮಾತುಕತೆಯಲ್ಲಿ ಅವಳ ತಂದೆಯೂ ಇರಲಿ. ದೃಢೀಕರಣವು ಅವಳು ಸ್ವತಃ ಮಾಡುವ ಪ್ರತಿಜ್ಞೆಯಾದ್ದರಿಂದ, ಅವಳು ಇನ್ನೂ ಸಿದ್ಧಳಿಲ್ಲವೆಂದರೆ ಅದನ್ನು ಮುಂದೂಡುವಂತೆ ಸಭಾಪಾಲಕರನ್ನು ಕೇಳಿಕೊಳ್ಳಿ.