ಅಪಘಾತದ ನಂತರ ಹಿಂದಿನ ಆಕ್ಸಲ್ ಹೌಸಿಂಗ್ ಬೆಂಡಾಗಿದೆಯೇ ಎಂದು ನೋಡುವುದು ಹೇಗೆ?

ಪ್ರಶ್ನೆ, ಮುಳ್ಳೇರಿಯದಿಂದ

ಏಳು ವರ್ಷದ ಬೊಲೆರೊ. ಮಳೆಗೆ ತಿರುವಿನಲ್ಲಿ ಜಾರಿ ಹಿಂದಿನ ಎಡಚಕ್ರ ರಸ್ತೆಬದಿಯ ಮುರಕಲ್ಲಿನ ಕಟ್ಟೆಗೆ ಅಡ್ಡಕ್ಕೆ ಬಡಿಯಿತು. ರಿಮ್ ಬದಲಾಯಿಸಿ ಆಯಿತು. ಈಗ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಓರೆ ಹಿಡಿಯಬೇಕು, ಎಡ ಡ್ರಮ್ಮಿನ ಹಿಂದೆ ಎಣ್ಣೆ ಒಸರುತ್ತದೆ. ಒಬ್ಬ ಮೆಕ್ಯಾನಿಕ್ ಸೀಲ್ ಹಾಕಿದರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ಹೌಸಿಂಗೇ ಹೋಗಿದೆ ಅನ್ನುತ್ತಾರೆ. ಬಿಚ್ಚುವ ಮೊದಲು ನೋಡಿ ತಿಳಿಯುವ ದಾರಿ ಉಂಟಾ?

ಬದಿಯಡ್ಕದಿಂದ

ಉಂಟು. ಈ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು: ಹೊರಗಿನ ಉಕ್ಕಿನ ಕೊಳವೆಯೇ ಹೌಸಿಂಗ್, ಅದರೊಳಗೆ ಚಕ್ರ ತಿರುಗಿಸುವುದು ಶಾಫ್ಟ್. ಆದ್ದರಿಂದ ಹಿಂದಿನ ಚಕ್ರಕ್ಕೆ ಕ್ಯಾಂಬರ್ (ಚಕ್ರದ ತಲೆ ಒಳಗೆ ಹೊರಗೆ ವಾಲುವುದು), ಟೋ (ಚಕ್ರದ ಮುಂದಂಚು ಒಳಗೆ ಹೊರಗೆ ತಿರುಗುವುದು) ಹೊಂದಿಸುವ ವ್ಯವಸ್ಥೆಯೇ ಇಲ್ಲ. ಎರಡೂ ಸೊನ್ನೆಯ ಆಸುಪಾಸಿನಲ್ಲಿರಬೇಕು. ಇಲ್ಲದಿದ್ದರೆ ಏನೋ ಬಾಗಿದೆ, ಇಲ್ಲವೇ ಸರಿದಿದೆ.

ಮೊದಲು ರಿಮ್, ಶಾಫ್ಟ್, ಹೌಸಿಂಗ್ ಈ ಮೂರರಲ್ಲಿ ಯಾವುದು ಎಂದು ಬೇರೆ ಮಾಡಿಕೊಳ್ಳಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಜಾಕಿಯನ್ನು ನಡುವಿನ ಕ್ರೌನ್ ಗುಂಡಿಗೆ (ಗೇರ್ ಇರುವ ಉಬ್ಬು ಭಾಗಕ್ಕೆ) ಕೊಡಬೇಡಿ, ಹೌಸಿಂಗಿನಲ್ಲಿ ಬಿರುಕಿದ್ದರೆ ಬಾಯಿ ಬಿಡುತ್ತದೆ. ಸ್ಪ್ರಿಂಗ್ ಪ್ಲೇಟ್ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳು) ಕೂರುವ ಜಾಗದ ಕೆಳಗೆ ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಡಿ. ಒಂದು ತಂತಿಯನ್ನು ಇಟ್ಟಿಗೆಗೆ ಕಟ್ಟಿ ತುದಿ ರಿಮ್ಮಿನ ಅಂಚಿಗೆ ಒಂದೆರಡು ಮಿ.ಮೀ. ದೂರ ನಿಲ್ಲುವಂತೆ ಇಟ್ಟು ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಂದು ಒಮ್ಮೆ ಕಿರಿದಾಗಿ ಒಮ್ಮೆ ಅಗಲವಾದರೆ ರಿಮ್ ಅಥವಾ ಶಾಫ್ಟಿನ ಫ್ಲೇಂಜ್ (ಚಕ್ರ ಕೂರುವ ತಟ್ಟೆ) ಔಟ್. ಅದೇ ಚಕ್ರವನ್ನು ಬಲಗಡೆ ಹಾಕಿ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಸಂದು ಬದಲಾಗುವುದೇ ಇಲ್ಲ, ಆದರೆ ಚಕ್ರ ವಾಲಿಕೊಂಡೇ ತಿರುಗುತ್ತದೆ ಎಂದಾದರೆ ಹೌಸಿಂಗ್. ಬಾಗಿದ ಶಾಫ್ಟ್ ಚಕ್ರದ ಜತೆ ಸುತ್ತುತ್ತದೆ, ಬಾಗಿದ ಹೌಸಿಂಗ್ ಸುತ್ತುವುದಿಲ್ಲ.

ವಾಲಿಕೆ ಅಳೆಯಲು ಗಾಡಿಯನ್ನು ಕೆಳಗಿಳಿಸಿ ಹತ್ತಿಪ್ಪತ್ತು ಅಡಿ ಉರುಳಿಸಿ ನಿಲ್ಲಿಸಿ, ಪ್ಲೇಟ್‌ಗಳು ಕೂರಲಿ. ಟಯರ್ ಗಾಳಿ ಎರಡೂ ಬದಿ ಸಮ ಇರಲಿ. ಮೇಸ್ತ್ರಿಗಳ ತೂಕದ ಗುಂಡನ್ನು ಫೆಂಡರಿನಿಂದ ಚಕ್ರದ ನಡುಗೆರೆಗೆ ಇಳಿಬಿಟ್ಟು, ರಿಮ್ಮಿನ ಮೇಲಂಚು ಮತ್ತು ಕೆಳಂಚಿನಿಂದ ದಾರಕ್ಕೆ ಎಷ್ಟೆಂದು ಸ್ಕೇಲಿನಲ್ಲಿ ನೋಡಿ. ಆಮೇಲೆ ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ಮುಂದೆ ತಳ್ಳಿ ಪುನಃ ಅಳೆದು ಸರಾಸರಿ ತೆಗೆಯಿರಿ. ರಿಮ್ಮಿನ ದೋಷ ಕಳೆದುಹೋಗುತ್ತದೆ. 15 ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಸುಮಾರು 41 ಸೆಂ.ಮೀ. ಬರುತ್ತದೆ, ಅಂದರೆ 1 ಡಿಗ್ರಿಗೆ 7 ಮಿ.ಮೀ. ವ್ಯತ್ಯಾಸ.

ನಮ್ಮೂರಿನ ಅಂಗಳ ಯಾವುದೂ ಮಟ್ಟ ಇರುವುದಿಲ್ಲ. ತೊಂದರೆ ಇಲ್ಲ. ನೆಲ ಎಡಕ್ಕೆ ಇಳಿದಿದ್ದರೆ ಎಡಚಕ್ರದ ತಲೆ ಎಷ್ಟು ಹೊರಗೆ ಕಾಣುತ್ತದೋ ಬಲಚಕ್ರದ ತಲೆ ಅಷ್ಟೇ ಒಳಗೆ ಕಾಣುತ್ತದೆ. ಹೊರಗೆ ವಾಲಿದ್ದನ್ನು ಕೂಡಿಸಿ, ಒಳಗೆ ವಾಲಿದ್ದನ್ನು ಕಳೆಯಿರಿ. ಉಳಿದದ್ದು ಬಾಗು.

ಉಪ್ಪಳದಿಂದ

ಅದೇ ಕೂಡಿಸಿ ಕಳೆಯುವ ಲೆಕ್ಕ ಟೋಗೂ ನಡೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಹೆಚ್ಚಾಗಿ ಮುಂದಿನದು ಮಾತ್ರ ನೋಡಿ ಕಳಿಸುತ್ತಾರೆ. ಹಿಂದಿನ ಎರಡು ಚಕ್ರದ ರೀಡಿಂಗ್ ಪ್ರಿಂಟ್ ಬೇಕು ಎಂದು ಮೊದಲೇ ಹೇಳಿ. ಒಂದು ಚಕ್ರ ಒಳಕ್ಕೆ, ಇನ್ನೊಂದು ಅಷ್ಟೇ ಹೊರಕ್ಕೆ ಇದ್ದರೆ ಒಟ್ಟು ಸೊನ್ನೆ. ಹೌಸಿಂಗ್ ನೇರವಾಗಿಯೇ ಉಂಟು, ಇಡೀ ಆಕ್ಸಲ್ ಓರೆಯಾಗಿ ಕೂತಿದೆ. ಗಾಡಿ ಏಡಿಯ ಹಾಗೆ ಓಡುವುದು, ಸ್ಟೀರಿಂಗ್ ಓರೆ ಹಿಡಿಯಬೇಕಾದ್ದು ಹೆಚ್ಚಾಗಿ ಇದರಿಂದಲೇ. ಒಟ್ಟು ಸೊನ್ನೆ ಬಾರದಿದ್ದರೆ ಮಾತ್ರ ಹೌಸಿಂಗಿನ ಮೇಲೆ ಅನುಮಾನ.

ಓರೆ ಕೂರಲು ಕಾರಣ ಸೆಂಟರ್ ಬೋಲ್ಟ್. ಪ್ಲೇಟ್ ಸೆಟ್ಟಿನ ನಡುವಿನ ಈ ಬೋಲ್ಟಿನ ತಲೆ ಆಕ್ಸಲಿನ ಸೀಟಿನ ತೂತಿಗೆ ಕೂರುತ್ತದೆ. ಅಡ್ಡ ಪೆಟ್ಟಿಗೆ ಅದು ತುಂಡಾದರೆ ಪ್ಲೇಟನ್ನು ಆಕ್ಸಲಿಗೆ ಹಿಡಿದಿಡುವ ಯು ಬೋಲ್ಟ್ ಬಿಗಿ ಇದ್ದರೂ ಆಕ್ಸಲ್ ಜಾರುತ್ತದೆ. ಪ್ಲೇಟಿನ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್ ಕೊಳವೆಯ ನಡುವಿಗೆ ಎರಡೂ ಬದಿ ಅಳೆಯಿರಿ. 5 ಮಿ.ಮೀ. ಮೇಲೆ ವ್ಯತ್ಯಾಸ ಇದ್ದರೆ ಅದೇ. ಸೀಟಿನ ಅಂಚಿನಲ್ಲಿ ತುಕ್ಕು ಹಿಡಿಯದ ಹೊಳೆಯುವ ಗೆರೆ ಕಂಡರೆ ಅಳೆಯುವುದೂ ಬೇಡ. ಯು ಬೋಲ್ಟ್ ಒಮ್ಮೆ ಬಿಚ್ಚಿದ ಮೇಲೆ ಹೊಸದೇ ಹಾಕಿ, ನಾಲ್ಕು ನಟ್‌ಗಳನ್ನು ಕತ್ತರಿ ಕ್ರಮದಲ್ಲಿ ಬಿಗಿಸಿ, 500 ಕಿ.ಮೀ. ಓಡಿದ ಮೇಲೆ ಪುನಃ ನೋಡಿಸಿ.

ಇನ್ನೊಂದು. ನಮ್ಮ ಕಡೆ ವರ್ಕ್‌ಶಾಪಿನಲ್ಲಿ ಮಲಯಾಳದಲ್ಲಿ "ವಳವುಂಡ್" ಅಂದುಬಿಡುತ್ತಾರೆ. ಯಾವುದಕ್ಕೆ ವಳವು, ಶಾಫ್ಟಿಗೋ ಹೌಸಿಂಗಿಗೋ ಎಂದು ಕೇಳದೆ ಹೂಂ ಅನ್ನಬೇಡಿ.

ಮಂಜೇಶ್ವರದಿಂದ

ಎಣ್ಣೆಯ ವಿಷಯ. ಮೊದಲು ಹೌಸಿಂಗಿನ ಮೇಲಿರುವ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಸಣ್ಣ ತೂತು) ನೋಡಿ. ಮಣ್ಣು ಹಿಡಿದು ಕಟ್ಟಿಕೊಂಡಿದ್ದರೆ ಬಿಸಿಗೆ ಒಳಗಿನ ಒತ್ತಡ ಏರಿ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಬ್ರೀದರ್ ಸರಿ ಇದ್ದು ಹೊಸ ಸೀಲ್ ಹಾಕಿದ ಮೇಲೂ ಒಸರಿದರೆ ತೆಗೆದ ಸೀಲಿನ ತುಟಿ ನೋಡಿ: ಸುತ್ತಲೂ ಸಮ ಸವೆದಿದ್ದರೆ ಹಳತಾದದ್ದು, ಒಂದೇ ಬದಿ ಸವೆದಿದ್ದರೆ ಶಾಫ್ಟೂ ಕೊಳವೆಯೂ ಒಂದೇ ನಡುಗೆರೆಯಲ್ಲಿಲ್ಲ.

ಬಿರುಕು ಹುಡುಕಬೇಕಾದ ಜಾಗಗಳು ಸ್ಪ್ರಿಂಗ್ ಸೀಟಿನ ವೆಲ್ಡಿಂಗ್ ಅಂಚು, ಬ್ರೇಕ್ ಪ್ಲೇಟ್ ಫ್ಲೇಂಜಿನ ಬುಡ, ಕೊಳವೆ ನಡುವಿನ ಗುಂಡಿಗೆ ಸೇರುವಲ್ಲಿ. ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಚಾಕ್‌ಪುಡಿ ಹಚ್ಚಿ ಹತ್ತು ಕಿ.ಮೀ. ಓಡಿಸಿದರೆ ಎಣ್ಣೆ ಬರುವ ಗೆರೆ ಕಪ್ಪಾಗಿ ಮೂಡುತ್ತದೆ. ಆರಪಾರ ಹೋಗದ ಬಿರುಕು ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ಡೈ ಪೆನಿಟ್ರೆಂಟ್ ಸ್ಪ್ರೇ. ಪೇಂಟ್ ಪೂರ್ತಿ ತೆಗೆದು, ಕ್ಲೀನರ್ ಹೊಡೆದು, ಕೆಂಪು ದ್ರವ ಹಚ್ಚಿ 10ರಿಂದ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಬಿಳಿ ಡೆವಲಪರ್ ಹೊಡೆಯಬೇಕು. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿ, ನೇರ ಹೌಸಿಂಗಿಗೆ ಹೊಡೆದರೆ ಬಿರುಕಿನೊಳಗಿನದೂ ತೊಳೆದುಹೋಗುತ್ತದೆ.

ಬ್ರೇಕ್ ಲೈನರಿಗೆ ಗೇರ್ ಎಣ್ಣೆ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಹಾಕುವ ಕೆಲಸ ಬೇಡ. ಎರಡೂ ಬದಿ ಹೊಸದು ಹಾಕಿ. ಅಲ್ಲಿಯ ತನಕ ಆ ಗಾಡಿಯಲ್ಲಿ ಹೈವೇ ಹತ್ತಬೇಡಿ.

ಕುಂಬಳೆಯಿಂದ

ಗ್ಯಾಸಿನಲ್ಲಿ ಕಾಯಿಸಿ ಪ್ರೆಸ್ಸಿನಲ್ಲಿ ನೇರ ಮಾಡಿಕೊಡುತ್ತಾರಲ್ಲ, ಸಣ್ಣ ಬೆಂಡಿಗೆ ಅದು ಸಾಕಾಗುತ್ತದೆ.

ಬದಿಯಡ್ಕದಿಂದ

ಒಪ್ಪುವುದಿಲ್ಲ. ಕೆಂಪಗೆ ಕಾಯಿಸಿದಲ್ಲಿ ಉಕ್ಕಿನ ಗಟ್ಟಿತನ ಹೋಗುತ್ತದೆ, ಅಡಿಕೆ ಮೂಟೆ ಹೇರಿ ನಾಲ್ಕು ಹೊಂಡ ಹಾರಿದರೆ ಅಲ್ಲೇ ಪುನಃ ಬಾಗುತ್ತದೆ. ನಡುವಿನ ಎರಕದ ಗುಂಡಿಗೆ ಕೊಳವೆ ತುರುಕಿ ವೆಲ್ಡ್ ಮಾಡಿದ ಬಗೆಯದಾದರೆ ಒತ್ತುವಾಗ ಕೊಳವೆ ಗುಂಡಿಯೊಳಗೇ ಸಡಿಲವಾಗುವುದೂ ಉಂಟು. ತಣ್ಣಗೆ ಪ್ರೆಸ್ ಮಾಡಿ ಒಳಗೆ ನೇರ ಸರಳು ಹಾಕಿ ಪರೀಕ್ಷಿಸಿ ಕೊಡುವವರಿದ್ದರೆ ಬೇರೆ ಮಾತು. ಹಳೆ ಹೌಸಿಂಗ್ ಕೊಳ್ಳುವುದಾದರೆ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕ, ಸ್ಪ್ರಿಂಗ್ ಸೀಟುಗಳ ನಡುವಿನ ಅಳತೆ, ಎಬಿಎಸ್ ಸೆನ್ಸರಿನ ತೂತು ಇವು ನಿಮ್ಮದಕ್ಕೆ ಸರಿಹೊಂದಬೇಕು. ಅದು ಯಾವ ಅಪಘಾತದ ಗಾಡಿಯಿಂದ ಬಂದದ್ದೋ, ಅದನ್ನೂ ಅಳೆಯಿರಿ.

ಸೀತಾಂಗೋಳಿಯಿಂದ

ವಿಮೆ ಕ್ಲೇಮ್ ಇದ್ದರೆ ಸರ್ವೇಯರ್ ನೋಡುವ ಮೊದಲು ಬಿಚ್ಚಬೇಡಿ. ಬಿಚ್ಚಿದ ಮೇಲೆ ಒಳಗಿನ ಹಾನಿ ಸಿಕ್ಕಿದರೆ ಪೂರಕ ಎಸ್ಟಿಮೇಟ್ ಕೊಡಿಸಿ ಪುನಃ ಕರೆಸಬಹುದು. ಹೌಸಿಂಗ್ ಲೋಹದ ಭಾಗ. 5ರಿಂದ 10 ವರ್ಷದ ಗಾಡಿಗೆ ಶೇ. 40, ಸೀಲಿನಂಥ ರಬ್ಬರಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಝೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ವಿಮೆ) ಇದ್ದರೆ ಮಾತ್ರ ಇದರಿಂದ ಪಾರು.

ಮುಳ್ಳೇರಿಯದಿಂದ

ಅಳೆದೆ. ತಂತಿಯ ಸಂದು ಬದಲಾಗುವುದಿಲ್ಲ. ಸರಾಸರಿ ತೆಗೆದ ಮೇಲೆ ಎಡಚಕ್ರದ ತಲೆ 6 ಮಿ.ಮೀ. ಹೊರಗೆ, ಬಲದ್ದು 2 ಮಿ.ಮೀ. ಒಳಗೆ. ಪ್ಲೇಟಿನ ಕಣ್ಣಿನಿಂದ ಎರಡೂ ಬದಿ ಸಮ.

ಬದಿಯಡ್ಕದಿಂದ

ನೆಲದ ಪಾಲು 2 ಕಳೆದರೆ 4 ಮಿ.ಮೀ., ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಕಟ್ಟೆ ಟಯರಿನ ಕೆಳಭಾಗವನ್ನು ಒಳಕ್ಕೆ ನೂಕಿದಾಗ ತಲೆ ಹೊರಕ್ಕೇ ವಾಲಬೇಕು, ಹಾಗಾಗಿ ಪೆಟ್ಟಿಗೂ ಅಳತೆಗೂ ತಾಳೆಯಾಗುತ್ತದೆ. ಹೊಂಡಕ್ಕೆ ಬಿದ್ದೋ ಭಾರಕ್ಕೋ ಬಾಗಿದ್ದಾದರೆ ತಲೆ ಒಳಕ್ಕೆ ಬರುತ್ತಿತ್ತು. ಆದರೆ ಫ್ಲೇಂಜಿನ ಬೇರಿಂಗ್ ಹೋಗಿದ್ದರೂ ಚಕ್ರ ವಾಲುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇಲ್ಲದಿದ್ದರೆ ಎರಡೂ ಶಾಫ್ಟ್, ಡಿಫರೆನ್ಷಿಯಲ್ (ನಡುವಿನ ಗುಂಡಿಯ ಗೇರ್ ಸೆಟ್) ತೆಗೆಸಿ. ಬೇರಿಂಗ್ ಕೂರುವ ತೂತಿಗೆ ಸರಿಯಾಗಿ ಲೇತಿನಲ್ಲಿ ಎರಡು ಬಿಲ್ಲೆ ಕಡೆಸಿ, ನಡುವೆ 1 ಮಿ.ಮೀ. ತೂತು ಮಾಡಿಸಿ, ಈ ತುದಿಯಿಂದ ಆ ತುದಿಗೆ ಗಾಳದ ನೈಲಾನ್ ದಾರ ಬಿಗಿಯಾಗಿ ಎಳೆಯಿರಿ. ದಾರ ನಡುವಿನ ಬೇರಿಂಗ್ ಸೀಟುಗಳ ಮಧ್ಯದಲ್ಲೂ ಎಡಗಡೆ ಸೀಲ್ ತೂತಿನ ಮಧ್ಯದಲ್ಲೂ ಹಾದರೆ ಸೀಲ್ ಹಾಕಿ ಮುಗಿಸಿ. ಒಂದು ಬದಿಗೆ ಸರಿದಿದ್ದರೆ ಹೌಸಿಂಗ್ ಬದಲಾಯಿಸಿ, ಸರ್ವೇಯರಿಗೆ ತೋರಿಸಲು ದಾರ ಕಟ್ಟಿದ ಹಾಗೆಯೇ ಫೋಟೋ ತೆಗೆದಿಡಿ.