ಅಲಸಂದೆಗೆ ಹುಳ: ಆಫ್ರಿಕಾದ ಚೀಲ ಮಲೆನಾಡಿಗೆ ಆದೀತೇ?

ತೀರ್ಥಹಳ್ಳಿಯ ಸೊಸೆ: ಅಟ್ಟದ ಡಬ್ಬ ಬಿಚ್ಚಿದರೆ ಅಲಸಂದೆ ಕಾಳಿಗೆಲ್ಲ ತೂತು, ಅಂಗೈ ತುಂಬ ಹಿಟ್ಟು. ಅತ್ತೆಯವರ ಬೂದಿ, ಲಕ್ಕಿ ಸೊಪ್ಪು ಎರಡೂ ಈ ಸಲ ಸೋತವು. ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಚೀಲವೊಂದನ್ನು ರೂಪಿಸಿದ್ದಾರಂತೆ. ಬಲ್ಲವರು ಇದ್ದೀರಾ?

ಕೃಷಿ ವಿದ್ಯಾರ್ಥಿ, ಶಿವಮೊಗ್ಗ: ಅಕ್ಕಾ, 1980ರ ದಶಕದ ಕೊನೆಯಲ್ಲಿ ಶುರುವಾದ ಸಂಶೋಧನೆ ಅದು. ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ, ಒಳಗೆ ಎರಡು ದಪ್ಪ ಪಾಲಿಥಿನ್ ಚೀಲ. ಗಾಳಿ ಹಿಂಡಿ ತೆಗೆದು ಒಂದೊಂದರ ಬಾಯಿಯನ್ನೂ ಬೇರೆಯಾಗಿ ಬಿಗಿಯಬೇಕು. ಉಳಿದ ಆಮ್ಲಜನಕವನ್ನು ಹುಳವೇ ಉಸಿರಾಡಿ ಮುಗಿಸುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು, ಮೈಯ ನೀರು ಆರಿ ಸಾಯುತ್ತದೆ. ವಿಷದ ಗುಳಿಗೆ ಬೇಡವೇ ಬೇಡ.

ಹೊಸನಗರದ ಹಳಬ: ನಮ್ಮ ಆಷಾಢದ ಮಳೆಯನ್ನು ಮರೆಯಬೇಡಿ ತಂಗಿ. ಹಸಿ ಕಾಳು ಕಟ್ಟಿದರೆ ಹುಳ ಸತ್ತರೂ ಬೂಷ್ಟು ಬಿಡದು. ಹಲ್ಲಿಗೆ ಕಟ್ ಎನ್ನುವಷ್ಟು ಒಣಗಿಸಿ, ಕಾವು ಆರಿದ ಮೇಲೆ ತುಂಬಿಸಿ. ಇಲಿ ಮಾತ್ರ ಯಾವ ವಿಶ್ವವಿದ್ಯಾಲಯಕ್ಕೂ ಬಗ್ಗುವುದಿಲ್ಲ. ಅಟ್ಟಕ್ಕೆ ಬೆಕ್ಕೇ ಗತಿ.

ತೀರ್ಥಹಳ್ಳಿಯ ಸೊಸೆ: ಬೆಕ್ಕು ಇದೆ, ಮೀನಿಗೆ ಮಾತ್ರ ಏಳುತ್ತದೆ. ಶಿವರಾತ್ರಿಯ ಬಿಸಿಲಿಗೆ ಐದು ಸೇರು ಒಣಗಿಸಿ ನೋಡುತ್ತೇನೆ. ಅತ್ತೆಯವರಿಗೆ ಸದ್ಯಕ್ಕೆ ಹೇಳುವುದಿಲ್ಲ.